ಸಂಕ ದಾಟುವಾಗ ನೀರು ನೋಡಬೇಡ

ವಸ್ತಾರೆಯಲ್ಲಿ ಬಸ್ಸಿಳಿದು ಕಾಫಿ ತೋಟಗಳ ನಡುವಿನ ದಾರಿ ಹಿಡಿದು ಅರ್ಧ ಗಂಟೆ ನಡೆದರೆ ನಮ್ಮ ಮನೆ. ಮನೆಗೆ ಮುಂಚೆ ಒಂದು ಹಳ್ಳ ಸಿಗುತ್ತದೆ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದಾದಷ್ಟು ನೀರು. ಆಷಾಢದ ಮಳೆ ಹಿಡಿಯಿತೆಂದರೆ ಅದೇ ಹಳ್ಳ ದಡ ತುಂಬಿ ಕೆಂಪಗೆ ಓಡುತ್ತದೆ. ಈಗ ಅಲ್ಲಿ ಸಿಮೆಂಟಿನ ಮೋರಿ ಬಂದಿದೆ. ನಾನು ಶಾಲೆಗೆ ಹೋಗುವ ಕಾಲದಲ್ಲಿ ಇದ್ದದ್ದು ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕ, ಹಿಡಿದುಕೊಳ್ಳಲು ಒಂದು ಬಿದಿರು.

ಮಳೆಗಾಲದಲ್ಲಿ ಅಜ್ಜಿ ಸಂಕದ ತನಕ ಬರುತ್ತಿದ್ದರು. ಪ್ರತಿದಿನವೂ ಅದೇ ಮಾತು: "ಸಂಕದ ಮೇಲೆ ನಿಂತು ನೀರು ನೋಡ್ಬೇಡ ಪುಟ್ಟಿ. ಆಚೆ ದಡದ ಮರ ನೋಡ್ಕೊಂಡು ದಾಟು. ನೀರು ನೋಡಿದ್ರೆ ದಡ ನಡೀತದೆ."

ಬೇಡ ಅಂದದ್ದನ್ನು ಮಾಡದೆ ಇರುವ ಮಕ್ಕಳುಂಟೇ? ಒಂದು ದಿನ ಸಂಕದ ನಡುವೆ ನಿಂತು ನೀರನ್ನೇ ದಿಟ್ಟಿಸಿದೆ. ಸ್ವಲ್ಪ ಹೊತ್ತಿಗೆ ಓಡುತ್ತಿದ್ದದ್ದು ನೀರಲ್ಲ, ನಾನೂ ಸಂಕವೂ ಸೇರಿ ಮೇಲ್ಗಡೆಗೆ ತೇಲುತ್ತಿದ್ದೇವೆ ಅನ್ನಿಸಿತು. ಹೆದರಿ ತಲೆ ಎತ್ತಿದರೆ ಎದುರಿನ ದಡವೇ ಜಾರುತ್ತಿತ್ತು. ಬಿದಿರು ಗಟ್ಟಿಯಾಗಿ ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಅಜ್ಜಿಗೆ ಹೇಳಲೂ ಇಲ್ಲ.

ಇಪ್ಪತ್ತು ವರ್ಷಗಳ ನಂತರ ಆ ನೆನಪು ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯದಲ್ಲಿ ಎದುರಾಯಿತು. ನಾನು ಓದುತ್ತಿರುವುದು ವಿಜ್ಞಾನದ ಇತಿಹಾಸ. ಆ ಅಧ್ಯಾಯದ ವಸ್ತು ಕಣ್ಣಿನ ಭ್ರಮೆಗಳ ಬಗ್ಗೆ ಮನುಷ್ಯರು ಕಾಲಕಾಲಕ್ಕೆ ಏನು ಬರೆದರು ಎನ್ನುವುದು. ಚಲಿಸುವುದನ್ನು ಬಹಳ ಹೊತ್ತು ನೋಡಿ ದೃಷ್ಟಿ ಹೊರಳಿಸಿದರೆ ನಿಂತ ವಸ್ತು ಎದುರು ದಿಕ್ಕಿಗೆ ಚಲಿಸಿದಂತೆ ಕಾಣುವುದಕ್ಕೆ ಇಂಗ್ಲಿಷಿನಲ್ಲಿ ಮೋಷನ್ ಆಫ್ಟರ್‌ಎಫೆಕ್ಟ್ ಅನ್ನುತ್ತಾರೆ. ಜಲಪಾತ ಭ್ರಮೆ ಎಂಬುದು ಅದರ ಇನ್ನೊಂದು ಹೆಸರು. ಕರಡಿನಲ್ಲಿ ನಾನು ಉತ್ಸಾಹದಿಂದ ಹೀಗೆ ಬರೆದಿದ್ದೆ: ಈ ಭ್ರಮೆ ಪಶ್ಚಿಮದವರ ಶೋಧವಲ್ಲ, ಆರ್ಯಭಟನಿಗೂ ಶಂಕರಾಚಾರ್ಯರಿಗೂ ಇದು ಗೊತ್ತಿತ್ತು.

ನನ್ನ ಮಾರ್ಗದರ್ಶಕರು ಆ ಪ್ಯಾರಾ ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ಎರಡು ಪ್ರಶ್ನೆ ಬರೆದು ಕಳಿಸಿದರು: "ಯಾವ ದಿಕ್ಕಿಗೆ? ಯಾವಾಗ?"

ಆ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಹಳೆಯ ಪುಟಗಳನ್ನು ಮತ್ತೆ ತಿರುವಿಹಾಕಿದ ಕಥೆ ಇದು.

ಮೊದಲು ಆರ್ಯಭಟ. ಕ್ರಿ.ಶ. 499ರ 'ಆರ್ಯಭಟೀಯ'ದ ಗೋಲಪಾದದಲ್ಲಿ ದೋಣಿಯ ಉದಾಹರಣೆಯೊಂದಿದೆ. ಮುಂದಕ್ಕೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ಮೇಲಿನ ಅಚಲ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ. ಹಾಗೆಯೇ ಸ್ಥಿರ ನಕ್ಷತ್ರಗಳು ಪಶ್ಚಿಮಕ್ಕೆ ಚಲಿಸುವಂತೆ ಕಾಣುತ್ತವೆ ಎಂಬುದು ಅದರ ಸಾರ. ಭೂಮಿ ತಿರುಗುತ್ತದೆ ಎನ್ನುವುದನ್ನು ಮನಸ್ಸಿಗೆ ತರಲು ಕೊಟ್ಟ ಹೋಲಿಕೆ ಅದು. ದಿಕ್ಕು ಇದೆ: ಹಿಂದಕ್ಕೆ. ಆದರೆ ಯಾವಾಗ? ದೋಣಿ ಚಲಿಸುತ್ತಿರುವಾಗ. ದೋಣಿ ನಿಂತರೆ ಮರಗಳೂ ನಿಲ್ಲಬೇಕು. ಇದು ಸಾಪೇಕ್ಷ ಚಲನೆ. ವಸ್ತುಗಳು ಮತ್ತು ನೋಡುವವನ ನಡುವೆ ನಿಜವಾಗಿಯೂ ಇರುವ ಚಲನೆಯನ್ನು ಯಾರ ಲೆಕ್ಕಕ್ಕೆ ಹಾಕಬೇಕು ಎನ್ನುವ ಪ್ರಶ್ನೆ. ಜಲಪಾತ ಭ್ರಮೆಯಲ್ಲಾದರೋ ನೋಡುವವನೂ ನಿಂತಿದ್ದಾನೆ, ಬಂಡೆಯೂ ನಿಂತಿದೆ. ಚಲನೆ ಎಲ್ಲೂ ಇಲ್ಲ, ಆದರೂ ಕಾಣುತ್ತದೆ.

ಶಂಕರಾಚಾರ್ಯರು ಗೀತೆಯ ನಾಲ್ಕನೆಯ ಅಧ್ಯಾಯದ 18ನೆಯ ಶ್ಲೋಕಕ್ಕೆ ಬರೆದ ಭಾಷ್ಯದಲ್ಲಿ ಅದೇ ದೋಣಿ ಮತ್ತೆ ಬರುತ್ತದೆ. ದೋಣಿಯಲ್ಲಿ ಹೋಗುವವನಿಗೆ ದಡದ ಮರಗಳು ಎದುರು ದಿಕ್ಕಿಗೆ ಚಲಿಸುವಂತೆ ಕಾಣುತ್ತವೆ. ಬಹು ದೂರದಲ್ಲಿ ನಿಜವಾಗಿ ಚಲಿಸುತ್ತಿರುವವು ನಿಂತಂತೆ ಕಾಣುತ್ತವೆ. ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣುವುದು ಹೇಗೆ ಎಂದು ವಿವರಿಸಲು ಅವರಿಗೆ ಈ ಜೋಡಿ ಬೇಕಿತ್ತು. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ, ತುಂಗೆಯ ದಡದಲ್ಲಿ, ಈ ಭಾಷ್ಯವನ್ನು ಪಾಠ ಹೇಳುತ್ತಾ ಬಂದಿರುವ ಪರಂಪರೆ ಇದೆ. ಹೊಳೆಯ ಮಗ್ಗುಲಲ್ಲೇ ಕೂತು ಈ ಸಾಲು ಓದಿದವರಿಗೆ ಜಲಪಾತ ಭ್ರಮೆಯ ಅನುಭವವೂ ಆಗಿರಬಹುದು. ಆದರೆ ಆಗಿರಬಹುದು ಎನ್ನುವುದು ಇತಿಹಾಸವಲ್ಲ. ಬರೆದದ್ದು ಏನೆಂದರೆ ದೋಣಿ, ಮತ್ತೆ ಅದೇ ಉತ್ತರ: ಚಲಿಸುತ್ತಿರುವಾಗ.

ಗೌಡಪಾದರ ಮಾಂಡೂಕ್ಯ ಕಾರಿಕೆಯ ಕೊನೆಯ ಪ್ರಕರಣದ ಹೆಸರೇ ಅಲಾತಶಾಂತಿ. ಅಲಾತ ಎಂದರೆ ಕೊಳ್ಳಿ. ಕತ್ತಲಲ್ಲಿ ಕೊಳ್ಳಿ ಬೀಸಿದರೆ ಬೆಂಕಿಯ ಬಳೆ ಕಾಣುತ್ತದೆ, ಕೈ ನಿಲ್ಲಿಸಿದರೆ ಬಳೆ ಇಲ್ಲ. ಇದೂ ಕಣ್ಣಿನ ಗುಣವೇ, ಆದರೆ ಬೇರೆ ಗುಣ. ಬೆಳಕಿನ ಅನುಭವ ಕ್ಷಣಾರ್ಧ ಉಳಿದುಕೊಳ್ಳುವುದರಿಂದ ಬಿಂದುಗಳು ಸೇರಿ ರೇಖೆಯಾಗುತ್ತವೆ. ಎದುರು ದಿಕ್ಕಿನ ಚಲನೆಯ ಮಾತು ಅಲ್ಲಿ ಬರುವುದೇ ಇಲ್ಲ.

ಹೀಗೆ ನನ್ನ ಪ್ಯಾರಾ ಬಿದ್ದುಹೋಯಿತು. ದೋಣಿ, ಕೊಳ್ಳಿ, ಜಲಪಾತ — ಮೂರೂ ಬೇರೆ ಬೇರೆ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ 'ನಮ್ಮವರಿಗೆ ಗೊತ್ತಿತ್ತು' ಎಂದು ಮೇಲೆ ಚೀಟಿ ಅಂಟಿಸಿದ್ದೆ. ಹಾಗೆ ಮಾಡಿದ್ದರಿಂದ ಆರ್ಯಭಟನ ಗೌರವವೇನೂ ಹೆಚ್ಚುವುದಿಲ್ಲ. ಅವನು ನಿಜವಾಗಿ ಹೇಳಿದ್ದು ಎಷ್ಟು ದೊಡ್ಡದು ಎನ್ನುವುದು ಮಾತ್ರ ಮರೆಯಾಗುತ್ತದೆ.

ಅದೇ ಎರಡು ಪ್ರಶ್ನೆಗಳನ್ನು ಗ್ರೀಕರಿಗೂ ಕೇಳಬೇಕಲ್ಲ? ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲ್ ಕನಸುಗಳ ಕುರಿತ ತನ್ನ ಕಿರುಗ್ರಂಥದಲ್ಲಿ, ನದಿಯನ್ನು, ಅದರಲ್ಲೂ ವೇಗವಾಗಿ ಹರಿಯುವ ನದಿಯನ್ನು ನೋಡಿ ದೃಷ್ಟಿ ಬೇರೆಡೆಗೆ ತಿರುಗಿಸಿದರೆ ನಿಂತ ವಸ್ತುಗಳು ಚಲಿಸುವಂತೆ ಕಾಣುತ್ತವೆ ಎನ್ನುತ್ತಾನೆ. ವಸ್ತು ಮರೆಯಾದ ಮೇಲೂ ಇಂದ್ರಿಯದಲ್ಲಿ ಅದರ ಪರಿಣಾಮ ಉಳಿಯುತ್ತದೆ, ಕನಸು ಹುಟ್ಟುವುದೂ ಅಂಥ ಉಳಿಕೆಯಿಂದಲೇ ಎಂಬುದು ಅವನ ವಾದ. 'ಯಾವಾಗ' ಎನ್ನುವುದಕ್ಕೆ ಉತ್ತರ ಖಚಿತವಾಗಿದೆ: ದೃಷ್ಟಿ ತಿರುಗಿಸಿದ ಮೇಲೆ. ಆದರೆ ಯಾವ ದಿಕ್ಕಿಗೆ ಎಂದು ಅರಿಸ್ಟಾಟಲ್ ಹೇಳಲಿಲ್ಲ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ಕವಿ ಲುಕ್ರೀಷಿಯಸ್ ದಿಕ್ಕನ್ನು ಹೇಳಿದ. ಹೊಳೆಯ ನಡುವೆ ನಿಂತುಬಿಟ್ಟ ಕುದುರೆಯ ಮೇಲೆ ಕೂತು ನೀರನ್ನು ನೋಡಿದರೆ, ಕುದುರೆಯನ್ನು ಯಾವುದೋ ಬಲ ಪ್ರವಾಹಕ್ಕೆ ಎದುರಾಗಿ ಒಯ್ಯುವಂತೆ ಕಾಣುತ್ತದೆ, ಎತ್ತ ಕಣ್ಣು ಹಾಯಿಸಿದರೂ ಎಲ್ಲವೂ ಹಾಗೆಯೇ ಸಾಗುವಂತೆ ತೋರುತ್ತದೆ ಎಂದು ಬರೆದ. ನನ್ನ ಸಂಕದ ಮೇಲಿನ ಅನುಭವ ಹೆಚ್ಚುಕಡಿಮೆ ಇದೇ.

ಅಲ್ಲಿಂದ ಮುಂದೆ ನಮಗೆ ಸ್ಪಷ್ಟವಾಗಿ ಸಿಗುವ ದಾಖಲೆ ಹತ್ತೊಂಬತ್ತನೆಯ ಶತಮಾನದ್ದು. ಜೆಕ್ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ 1820ರಲ್ಲಿ ತಲೆಸುತ್ತಿನ ಬಗ್ಗೆ ಬರೆಯುತ್ತಾ, ಕುದುರೆ ಸೈನ್ಯದ ಮೆರವಣಿಗೆಯನ್ನು ಬಹಳ ಹೊತ್ತು ನೋಡಿದ ಮೇಲೆ ವಿರುದ್ಧ ದಿಕ್ಕಿನ ಚಲನೆ ಕಾಣುವುದನ್ನು ದಾಖಲಿಸಿದ. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬ ಉಪನ್ಯಾಸಕ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಬದಿಯ ಫಾಯರ್ಸ್ ಜಲಪಾತಕ್ಕೆ ಹೋದ. ಬೀಳುವ ನೀರಿನ ಒಂದು ಭಾಗವನ್ನು ಕೆಲವು ಸೆಕೆಂಡ್ ದಿಟ್ಟಿಸಿ, ಪಕ್ಕದ ಕಪ್ಪು ಬಂಡೆಯ ಕಡೆ ಕಣ್ಣು ಹೊರಳಿಸಿದಾಗ ಬಂಡೆ ಮೇಲಕ್ಕೇರುತ್ತಿತ್ತು. ಎಷ್ಟು ಹೊತ್ತು ನೋಡಿದೆ, ಆಮೇಲೆ ಎಲ್ಲಿ ನೋಡಿದೆ, ಬಂಡೆ ಯಾವ ಕಡೆಗೆ ಹೋಯಿತು ಎಂಬ ಎಲ್ಲಾ ವಿವರವನ್ನೂ ಆಡಮ್ಸ್ ಒಂದು ವಿಜ್ಞಾನ ಪತ್ರಿಕೆಗೆ ಬರೆದ. 'ಜಲಪಾತ ಭ್ರಮೆ' ಎಂಬ ಹೆಸರು ಬಂದದ್ದು ಆಮೇಲೆ. 1880ರ ಸುಮಾರಿಗೆ ಸಿಲ್ವೇನಸ್ ಥಾಮ್ಸನ್ ಅದನ್ನು ಬಳಕೆಗೆ ತಂದ ಎನ್ನುತ್ತಾರೆ.

ಆಡಮ್ಸ್ ಕಂಡದ್ದು ಸರಿ, ಕೊಟ್ಟ ಕಾರಣ ಮಾತ್ರ ತಪ್ಪು. ನೀರನ್ನು ಹಿಂಬಾಲಿಸುತ್ತಾ ಕಣ್ಣಿನ ಸ್ನಾಯುಗಳು ನಮಗರಿವಿಲ್ಲದೆ ಕೆಳಕ್ಕೆ ಜಾರುವ ಅಭ್ಯಾಸ ಮಾಡಿಕೊಳ್ಳುತ್ತವೆ. ಬಂಡೆಯ ಮೇಲೂ ಹಾಗೇ ಜಾರುವುದರಿಂದ ಬಂಡೆ ಮೇಲೇರಿದಂತೆ ಕಾಣುತ್ತದೆ ಎಂದು ಅವನು ತಿಳಿದಿದ್ದ. ಕೇಳಿದರೆ ನಂಬಬೇಕು ಅನ್ನಿಸುವ ವಿವರಣೆ. ಇದನ್ನು ಕೆಡವಿದ್ದು ಒಂದು ಸುರುಳಿ.

1849ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೊ ತಟ್ಟೆಯ ಮೇಲೆ ಸುರುಳಿ ಬರೆದು ತಿರುಗಿಸುವ ಪ್ರಯೋಗವನ್ನು ಪ್ರಕಟಿಸಿದ. ತಿರುಗುವಾಗ ಸುರುಳಿ ಎಲ್ಲಾ ಕಡೆಗೂ ಹಿಗ್ಗುತ್ತಿರುವಂತೆ ಕಾಣುತ್ತದೆ. ನಿಲ್ಲಿಸಿ ಎದುರಿನವರ ಮುಖ ನೋಡಿದರೆ ಮುಖ ಒಳಗೊಳಗೇ ಕುಗ್ಗುತ್ತದೆ. ಕಣ್ಣು ಮೇಲಕ್ಕೋ ಕೆಳಕ್ಕೋ ಜಾರಬಹುದು, ಒಂದೇ ಕ್ಷಣದಲ್ಲಿ ಎಲ್ಲಾ ದಿಕ್ಕಿಗೂ ಜಾರಲು ಸಾಧ್ಯವೇ? 1870ರಲ್ಲಿ ದ್ವೊರಾಕ್ ಒಂದೇ ತಟ್ಟೆಯಲ್ಲಿ ಒಳಗೂ ಹೊರಗೂ ಒಂದು ದಿಕ್ಕಿನ ಸುರುಳಿ, ನಡುವೆ ವಿರುದ್ಧ ದಿಕ್ಕಿನ ಸುರುಳಿ ಇಟ್ಟು ತಿರುಗಿಸಿದ. ಒಂದೇ ನೋಟದಲ್ಲಿ ಒಂದು ಪಟ್ಟಿ ಹಿಗ್ಗಿತು, ಇನ್ನೊಂದು ಕುಗ್ಗಿತು. ಕಣ್ಣುಗುಡ್ಡೆಯ ಜಾರುವಿಕೆಯಿಂದ ಇದನ್ನು ವಿವರಿಸಲು ಆಗದು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1843ರ ಹೊತ್ತಿಗೇ ಪ್ಲಾಟೊ ಪೂರ್ತಿ ದೃಷ್ಟಿ ಕಳೆದುಕೊಂಡಿದ್ದ. ಆರು ವರ್ಷಗಳ ನಂತರ ಪ್ರಕಟಿಸಿದ ಆ ಸುರುಳಿಯ ಪರಿಣಾಮವನ್ನು ನೋಡಿ ಹೇಳಬೇಕಾದವರು ಬೇರೆಯವರು. ತಾನು ಕಾಣಲಾರದ ಭ್ರಮೆಯ ಬಗ್ಗೆ, ಕಂಡವರನ್ನು ಸರಿಯಾದ ಪ್ರಶ್ನೆ ಕೇಳಿ, ಅವನು ತಿಳಿದುಕೊಂಡ.

ಆಮೇಲೆ 1911ರಲ್ಲಿ ಅಡಾಲ್ಫ್ ವೋಲ್‌ಗೆಮುತ್ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಈ ಭ್ರಮೆಯನ್ನು ಪ್ರಯೋಗದ ಮೇಲೆ ಪ್ರಯೋಗ ಮಾಡಿ ಪರೀಕ್ಷಿಸಿದ. ಹದಿಮೂರು ವರ್ಷಗಳ ನಂತರ, 1924ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ಕನ್ನಡಿಗರು ಅವರನ್ನು ನೆನೆಯುವುದು 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದ್ದಕ್ಕೆ, 'ಆಕಾಶವಾಣಿ' ಎಂಬ ಹೆಸರಿಗೆ. ಮನಸ್ಸನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು ಎಂಬ ಪಾಠವನ್ನು ನಮ್ಮ ನಾಡಿಗೆ ತಂದವರೂ ಅವರೇ ಎನ್ನುವುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಹಾಗಾದರೆ ಬಂಡೆ ಏರುವುದು ಯಾಕೆ? 1894ರಲ್ಲೇ ವಿಯೆನ್ನಾದ ಸಿಗ್ಮಂಡ್ ಎಕ್ಸ್‌ನರ್, ಬೇರೆ ಬೇರೆ ದಿಕ್ಕಿನ ಚಲನೆಗೆ ನರಮಂಡಲದಲ್ಲಿ ಬೇರೆ ಬೇರೆ ಕೇಂದ್ರಗಳಿರಬೇಕು ಎಂದು ಊಹಿಸಿದ್ದ. ಅಂಥ ಕೋಶಗಳು ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. 1950ರ ದಶಕದ ಕೊನೆಯಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮಿದುಳಿನಲ್ಲಿ ಕೆಲವು ಕೋಶಗಳು ಒಂದು ದಿಕ್ಕಿನ ಚಲನೆಗೆ ಮಾತ್ರ ಚುರುಕಾಗುವುದನ್ನು ಕಂಡರು. 1963ರಲ್ಲಿ ಹೊರೇಸ್ ಬಾರ್ಲೊ ಮತ್ತು ರಿಚರ್ಡ್ ಹಿಲ್ ಮೊಲದ ಅಕ್ಷಿಪಟಲದ ಅಂಥ ಕೋಶಗಳ ಮೇಲೆ ನೇರವಾಗಿ ಈ ಪ್ರಶ್ನೆಯನ್ನೇ ಕೇಳಿದರು. ಕೋಶಕ್ಕೆ ಇಷ್ಟವಾದ ದಿಕ್ಕಿನ ಚಲನೆಯನ್ನು ಎಡೆಬಿಡದೆ ತೋರಿಸಿದಾಗ ಅದು ಮೊದಲು ಜೋರಾಗಿ ಮಿಡಿಯಿತು, ಬರಬರುತ್ತಾ ಇಳಿಯಿತು. ಚಲನೆ ನಿಲ್ಲಿಸಿದಾಗ ಸುಮ್ಮನಿರುವಾಗಿನ ಮಟ್ಟಕ್ಕಿಂತಲೂ ಕೆಳಗೆ ಹೋಗಿ, ಮೆಲ್ಲಗೆ ಚೇತರಿಸಿಕೊಂಡಿತು.

ಇದನ್ನು ತಕ್ಕಡಿಯಂತೆ ಯೋಚಿಸಬಹುದು. ನಮ್ಮ ದೃಷ್ಟಿಯಲ್ಲಿ 'ಕೆಳಕ್ಕೆ' ಎನ್ನುವ ಕೋಶಗಳ ಗುಂಪು ಒಂದು ತಟ್ಟೆ, 'ಮೇಲಕ್ಕೆ' ಎನ್ನುವ ಗುಂಪು ಇನ್ನೊಂದು. ಏನೂ ಚಲಿಸದಿದ್ದಾಗಲೂ ಎರಡೂ ಸುಮ್ಮನಿರುವುದಿಲ್ಲ, ಸಮವಾಗಿ ಸಣ್ಣಗೆ ಮಿಡಿಯುತ್ತಿರುತ್ತವೆ. ಮಿದುಳು ಓದುವುದು ಇವೆರಡರ ವ್ಯತ್ಯಾಸವನ್ನು. ಅಬ್ಬಿಯನ್ನು ಒಂದು ನಿಮಿಷ ನೋಡಿದರೆ 'ಕೆಳಕ್ಕೆ' ತಟ್ಟೆ ತಗ್ಗಿ ಹಗುರಾಗುತ್ತದೆ. ಆಗ ನಿಂತ ಬಂಡೆ ನೋಡಿದರೆ ಎರಡಕ್ಕೂ ಸಿಗುವ ಕೆಲಸ ಒಂದೇ, ಆದರೂ 'ಮೇಲಕ್ಕೆ' ತಟ್ಟೆ ತೂಗುತ್ತದೆ. ಬಂಡೆ ಏರುತ್ತದೆ. ಹಾಗೆಂದು ಬಂಡೆ ತನ್ನ ಜಾಗವನ್ನೇನೂ ಬಿಡುವುದಿಲ್ಲ. ಏರುತ್ತಲೇ ಇದೆ, ಇದ್ದಲ್ಲೇ ಇದೆ. ಚಲನೆಯ ಲೆಕ್ಕವನ್ನೂ ಜಾಗದ ಲೆಕ್ಕವನ್ನೂ ಮಿದುಳು ಬೇರೆ ಬೇರೆಯಾಗಿ ಇಡುತ್ತದೆ ಎನ್ನುವುದಕ್ಕೆ ಈ ವಿಚಿತ್ರ ಅನುಭವವೇ ಒಂದು ಸುಳಿವು.

ಮೊಲದಲ್ಲಿ ಇದು ಕಣ್ಣಿನೊಳಗೇ ಕಂಡರೂ ಮನುಷ್ಯರಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ಅಬ್ಬಿ ನೋಡಿ, ಆಮೇಲೆ ಇನ್ನೊಂದು ಕಣ್ಣಿನಿಂದ ಬಂಡೆ ನೋಡಿ. ತುಸು ಮಂದವಾಗಿಯಾದರೂ ಬಂಡೆ ಏರುತ್ತದೆ. ಎಂದರೆ ಎರಡು ಕಣ್ಣಿನ ಸುದ್ದಿ ಸೇರುವ ಜಾಗದಲ್ಲಿ, ಮಿದುಳಿನಲ್ಲಿ, ಈ ಬದಲಾವಣೆ ನಡೆದಿರಬೇಕು. 1995ರಲ್ಲಿ ಎಫ್ಎಂಆರ್‌ಐ ಬಳಸಿದ ಸಂಶೋಧಕರು, ಭ್ರಮೆ ಕಾಣುತ್ತಿರುವಷ್ಟು ಹೊತ್ತು ಮಿದುಳಿನ ಚಲನೆಯ ಪ್ರದೇಶವಾದ ಎಂಟಿ ಚುರುಕಾಗಿರುತ್ತದೆ ಎಂದು ವರದಿ ಮಾಡಿದರು. ಭ್ರಮೆಯ ಜಾಗ ಸಿಕ್ಕಿಬಿಟ್ಟಿತು ಎಂದೇ ಅನ್ನಿಸಿತು. 2001ರಲ್ಲಿ ಹಕ್, ರೆಸ್ ಮತ್ತು ಹೀಗರ್ ಒಂದು ಸರಳ ಅನುಮಾನ ಎತ್ತಿದರು. ಭ್ರಮೆ ಕಾಣುವಾಗ ಜನ ಹೆಚ್ಚು ಗಮನವಿಟ್ಟು ನೋಡುತ್ತಾರಲ್ಲ, ಆ ಚುರುಕು ಗಮನದ್ದೇ ಆಗಿದ್ದರೆ? ಗಮನವನ್ನು ಸಮ ಮಾಡಿ ಅಳೆದಾಗ ಆ ಹೆಚ್ಚುವರಿ ಚುರುಕು ಕಾಣಲಿಲ್ಲ. ನೋಡಿದ ದಿಕ್ಕಿಗೆ ಮಾತ್ರ ಪ್ರತಿಕ್ರಿಯೆ ತಗ್ಗುವುದು, ಅಂದರೆ ತಕ್ಕಡಿಯ ಮಾತು, ಉಳಿದುಕೊಂಡಿತು.

ನನ್ನ ಪ್ಯಾರಾಕ್ಕೆ ಆದದ್ದೂ ಇದೇ ಅಲ್ಲವೇ ಅನ್ನಿಸಿ ಸ್ವಲ್ಪ ಸಮಾಧಾನವಾಯಿತು.

ಇಷ್ಟೆಲ್ಲಾ ಓದಿದ ಮೇಲೆ ಕಳೆದ ಮಳೆಗಾಲದಲ್ಲಿ ಕಳಸದಿಂದ ಕುದುರೆಮುಖ ದಾಟಿ ಹೋಗುವ ದಾರಿಯಲ್ಲಿ ಸಿಗುವ ಹನುಮನಗುಂಡಿ ಜಲಪಾತಕ್ಕೆ ಹೋದೆ. ಅದಕ್ಕೆ ಸೂತನಬ್ಬಿ ಎಂಬ ಹೆಸರೂ ಇದೆ. ಮೆಟ್ಟಿಲಿಳಿದು, ಗಟ್ಟಿ ಜಾಗ ನೋಡಿ ನಿಂತು, ನೀರಿನ ನಡುವೆ ಚಾಚಿಕೊಂಡಿದ್ದ ಒಂದು ಕಲ್ಲಿನ ಮೂಲೆಯ ಮೇಲೆ ಕಣ್ಣು ನೆಟ್ಟು ಅರವತ್ತು ಎಣಿಸಿದೆ. ಆಮೇಲೆ ಪಕ್ಕದ ಪಾಚಿಗಟ್ಟಿದ ಬಂಡೆ ನೋಡಿದೆ. ಬಂಡೆ ಪಾಚಿಯ ಸಮೇತ ಸದ್ದಿಲ್ಲದೆ ಏರತೊಡಗಿತು. ಕೆಲವೇ ಸೆಕೆಂಡಿನಲ್ಲಿ ನಿಂತುಬಿಟ್ಟಿತು. ಎರಡನೆಯ ಸಲ ಅರವತ್ತು ಎಣಿಸಿದ ಮೇಲೆ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕಾದೆ. ತೆರೆದಾಗ ಭ್ರಮೆ ಇನ್ನೂ ಇತ್ತು. ಬರೀ ಕಾಲ ಕಳೆದರೆ ಅದು ಹೋಗುವುದಿಲ್ಲ, ನಿಂತ ವಸ್ತುವನ್ನು ನೋಡಿಯೇ ಅದು ಬೇಗ ಕರಗಬೇಕು. ಅದಕ್ಕೇ ಈಗ ಹಲವರು ಇದನ್ನು ದಣಿವು ಅನ್ನುವುದಕ್ಕಿಂತ ಹೊಂದಾಣಿಕೆ ಅನ್ನುತ್ತಾರೆ. ಎದುರಿಗೆ ಸದಾ ಇರುವ ಹರಿವನ್ನು ದೃಷ್ಟಿ ಸಾಮಾನ್ಯವೆಂದು ಒಪ್ಪಿಕೊಂಡು ತನ್ನ ಸೊನ್ನೆಯನ್ನೇ ಸರಿಸಿಕೊಳ್ಳುತ್ತದೆ.

ಅಲ್ಲಿಂದ ಮನೆಗೆ ಬಂದಾಗ ಅಜ್ಜಿ ಒಲೆಯ ಪಕ್ಕ ಕೂತಿದ್ದರು. ನೆನಪು ಎಲ್ಲಾ ಚೆನ್ನಾಗಿದೆ, ನಡೆಯುವುದು ಕಷ್ಟವಾಗಿದೆ. ಅವರ ತವರು ಕಳಸದ ಆಚೆ. ಮದುವೆಗೆ ಮುಂಚೆ ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಸಂಕ ದಾಟಿದವರು. ಸಂಕದ ವಿಷಯ ತೆಗೆದೆ. ಉತ್ತರವನ್ನು ನಾನೇ ಬಾಯಿಗೆ ಹಾಕಬಾರದು ಎಂದು ಎಚ್ಚರದಿಂದ ಕೇಳಿದೆ.

"ಅಜ್ಜೀ, ನೀರು ನೋಡಿದ್ರೆ ದಡ ನಡೀತದೆ ಅಂತಿದ್ರಲ್ಲ, ಯಾವ ಕಡೆಗೆ ನಡೀತಿತ್ತು?"

"ನೀರು ಬರೋ ಕಡೆಗೆ. ಮೇಲ್ಗಡೆಗೆ. ನೀರಿನ ಜೊತೆಗೆ ಹೋದ್ರೆ ಹೆದರೋದು ಯಾಕೆ?"

"ನೀರು ನೋಡ್ತಾ ಇರುವಾಗಲೋ?"

ಅವರು ಸ್ವಲ್ಪ ಯೋಚಿಸಿದರು. "ನೀರು ನೋಡುವಾಗ ಸಂಕ ನಡೀತದೆ. ತಲೆ ಎತ್ತಿದ್ಮೇಲೆ ದಡ ನಡೀತದೆ. ಎರಡೂ ಬೇರೆ. ಸಂಕ ನಡೆದ್ರೆ ಬಗ್ಗಿ ಹಿಡ್ಕೊಳ್ತೇವೆ. ದಡ ನಡೆದ್ರೆ ಕಾಲು ಎಲ್ಲಿಡೋದು ಅಂತಾನೇ ಗೊತ್ತಾಗಲ್ಲ. ಬೀಳೋದು ಅವಾಗ್ಲೇ."

ನಾನು ಓದಿದ ಪುಸ್ತಕಗಳು ಎರಡು ಬೇರೆ ಅಧ್ಯಾಯಗಳಲ್ಲಿ ಇಟ್ಟದ್ದನ್ನು ಅವರು ಒಲೆ ಮುಂದೆ ಕೂತು ಬಿಡಿಸಿ ಇಟ್ಟಿದ್ದರು. ನೋಟದ ತುಂಬಾ ಹರಿವೇ ಇದ್ದಾಗ ನಾವೇ ಚಲಿಸುತ್ತಿದ್ದೇವೆ ಅನ್ನಿಸುವುದು ಒಂದು. ಆ ಹರಿವು ನಿಂತ ಮೇಲೆ ಸ್ಥಿರವಾದದ್ದು ಚಲಿಸುವುದು ಇನ್ನೊಂದು. ಯಾವ ದಿಕ್ಕಿಗೆ, ಯಾವಾಗ — ಎರಡಕ್ಕೂ ಉತ್ತರವಿತ್ತು.

ಇದನ್ನು ಪ್ರಬಂಧದಲ್ಲಿ ಹೇಗೆ ಬರೆಯುವುದು ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಮಲೆನಾಡಿನವರು ಆಡಮ್ಸ್‌ಗಿಂತ ಮೊದಲೇ ಕಂಡುಹಿಡಿದಿದ್ದರು ಎಂದು ಬರೆದರೆ ಹಳೆಯ ತಪ್ಪನ್ನೇ ಹೊಸ ಸೀರೆ ಉಡಿಸಿ ತಂದಂತೆ. ಅಜ್ಜಿಯ ಮಾತಿಗೆ ತಾರೀಖಿಲ್ಲ. ಅವರಿಗೆ ಅದನ್ನು ಹೇಳಿಕೊಟ್ಟವರು ಅವರ ಅಮ್ಮ, ಅದಕ್ಕೂ ಹಿಂದೆ ಯಾರೆಂದು ಅವರಿಗೆ ತಿಳಿಯದು. ಹಾಗೆಂದು ಬಿಟ್ಟುಬಿಡುವುದೂ ನ್ಯಾಯವಲ್ಲ. ಆಡಮ್ಸ್ ಬೆರಗಾಗಿ ನಿಂತು ನೋಡಿದ. ಅವನು ನಿಂತದ್ದು ಗಟ್ಟಿ ನೆಲದ ಮೇಲೆ. ಸಂಕದ ಮೇಲೆ ತಲೆಹೊರೆ ಹೊತ್ತು ನಿಂತವರಿಗೆ ಬೆರಗಾಗುವಷ್ಟು ಪುರುಸೊತ್ತಿರಲಿಲ್ಲ. ಅವರು ಕಂಡದ್ದನ್ನು ಹೇಗೆ ನಡೆಯಬೇಕು ಎನ್ನುವ ಮಾತಾಗಿ ಮಕ್ಕಳಿಗೆ ದಾಟಿಸಿದರು.

ಕೊನೆಗೆ ನಾನು ಬರೆದದ್ದು ಇಷ್ಟು: ಆರ್ಯಭಟ ಮತ್ತು ಶಂಕರರ ದೋಣಿ ಈ ಭ್ರಮೆಯ ದಾಖಲೆಯಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಾಲುಸಂಕ ದಾಟುವವರ ಒಂದು ಎಚ್ಚರಿಕೆಯ ಮಾತಿನಲ್ಲಿ ಈ ಭ್ರಮೆಯ ದಿಕ್ಕು ಮತ್ತು ಸಮಯ ಎರಡೂ ಸ್ಪಷ್ಟವಾಗಿವೆ. ಮಾತಿನ ಕಾಲ ನಿರ್ಣಯ ಸಾಧ್ಯವಿಲ್ಲ. ಮಾರ್ಗದರ್ಶಕರ ಪೆನ್ಸಿಲು ಈ ಸಲ ಒಂದೇ ಪ್ರಶ್ನೆ ಬರೆದಿತ್ತು: "ಇನ್ನೆಷ್ಟು ಜನರನ್ನು ಕೇಳಿದ್ದೀರಿ?"

ಹಾಗಾಗಿ ಈಗ ಊರೂರು ಸುತ್ತಿ ಕೇಳುತ್ತಿದ್ದೇನೆ. ನಮ್ಮ ಹಳ್ಳಕ್ಕೆ ಮೋರಿ ಬಂದ ಮೇಲೆ ಅಲ್ಲಿನ ಮಕ್ಕಳಿಗೆ ಆ ಮಾತು ಹೇಳುವ ಅಗತ್ಯ ಯಾರಿಗೂ ಇಲ್ಲ. ಇಲ್ಲದಿರುವುದೇ ಒಳ್ಳೆಯದು. ಮಲೆನಾಡಿನ ಎಷ್ಟೋ ಕಡೆ ಮಕ್ಕಳು ಇನ್ನೂ ಮರದ ಸಂಕದ ಮೇಲೆಯೇ ಶಾಲೆಗೆ ಹೋಗುತ್ತಿದ್ದಾರೆ. ಅಲ್ಲಿಯೂ ಮೋರಿಗಳು ಬರಲಿ. ಬರುವ ತನಕ ಅವರಿಗೆ ಅಜ್ಜಿಯಂದಿರ ಆ ಮಾತು ಬೇಕು. ನಿಮ್ಮ ಮನೆಯಲ್ಲೂ ಹೊಳೆ ದಾಟಿದ ಹಿರಿಯರಿದ್ದರೆ ಒಮ್ಮೆ ಕೂರಿಸಿಕೊಂಡು ಕೇಳಿ: ಯಾವ ದಿಕ್ಕಿಗೆ, ಯಾವಾಗ?